ಕ್ಯಾಶ್ ಡಬ್ಬಿಗೆ ಬಿದ್ದ ಮುಡಿಪು

ದುಖಾನ್, ಕತಾರ್
ಶುಕ್ರವಾರ, 8 ನವೆಂಬರ್ 2024

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಅಕ್ಕ ಕೊಡಿಸಿದ ಉಣ್ಣೆಯ ಕಾಲುಚೀಲದ ಮೇಲೆ ಊರಿನ ಚಪ್ಪಲಿ ಮೆಟ್ಟಿಕೊಂಡು ಇಂಗ್ಲೆಂಡಿನ ಚಳಿಯಲ್ಲಿ ಅಲೆಯುತ್ತಿದ್ದೀಯಂತೆ. ರಾತ್ರಿಯ ಊಟ ಬಿಟ್ಟಿದ್ದೀ ಎಂದೂ ವರದಿ ಬಂದಿದೆ. ಫೋನ್ ಮಾಡಿದರೆ ನೀನು ಅಳುತ್ತೀ, ನಾನು ಜೋಕು ಹೇಳುತ್ತೇನೆ, ಇಬ್ಬರಿಗೂ ಕೇಳಿಸುವುದಿಲ್ಲ. ಅದಕ್ಕೇ ಈ ಕಾಗದ.

ಇಲ್ಲಿ ನಾವಿಬ್ಬರೂ ಇದ್ದೇವೆ. ದುಖಾನ್ ಎಂದರೆ ಅರಬಿಯಲ್ಲಿ ಹೊಗೆಯಂತೆ. ನನ್ನ ಕನ್ನಡದ ಕಣ್ಣಿಗೆ ಮಾತ್ರ ಅದು ವಿಸರ್ಗ ಉದುರಿಹೋದ ದುಃಖ. ಆ ಎರಡು ಸೊನ್ನೆ ಎಲ್ಲಿ ಬಿದ್ದಿವೆಯೋ, ಹುಡುಕುವ ಉತ್ಸಾಹವಿಲ್ಲ. ನಿನ್ನ ಸೊಸೆ ಶರ್ಮಿಳಾ ಎದ್ದು ಓಡಾಡುತ್ತಾಳೆ, ಚಾ ಮಾಡುತ್ತಾಳೆ, ತಣಿದ ಮೇಲೆ ಇಬ್ಬರೂ ಕುಡಿಯುತ್ತೇವೆ. ನನ್ನ ಆಫೀಸಿನ ಫವಾಝ್, ನಮ್ಮ ಉಪ್ಪಿನಂಗಡಿಯವನೇ, ಪಾತ್ರೆ ತುಂಬ ತುಪ್ಪದ ಅನ್ನ ತಂದಿಟ್ಟು, “ಮಾತಾಡ್ಬೇಡ ಮಾರಾಯ, ತಿನ್ನು” ಅಂದ. ತಿಂದೆ. ರುಚಿ ಹೇಗಿತ್ತೆಂದು ಕೇಳಬೇಡ.

ಈಗ ನಿನ್ನ ವಿಷಯ. ಪೀಟರ್ ಭಾವ ಎಲ್ಲ ಹೇಳಿದರು. ರಜೆಯಲ್ಲಿ ಹಳೆಯ ಹಳ್ಳಿಗಳನ್ನು ಸುತ್ತುತ್ತ, ಯಾರೋ ಅಡಗಿಸಿಟ್ಟ ಡಬ್ಬಿಗಳನ್ನು ಮೊಬೈಲಿನ ನಕ್ಷೆ ಹಿಡಿದು ಹುಡುಕುವುದು, ಒಳಗಿನ ಪುಟ್ಟ ಸಾಮಾನೊಂದನ್ನು ತೆಗೆದುಕೊಂಡರೆ ಬೇರೊಂದನ್ನು ಇಟ್ಟು ಬರುವುದು ಅವರ ಹುಚ್ಚು. ಆಟದ ಹೆಸರು ಜಿಯೋಕ್ಯಾಶಿಂಗ್, ಡಬ್ಬಿಯ ಹೆಸರು ಕ್ಯಾಶ್, ಇಂಗ್ಲಿಷಿನಲ್ಲಿ ಬಚ್ಚಿಟ್ಟದ್ದು ಎಂದರ್ಥವಂತೆ. ಎಡವಟ್ಟಾದದ್ದೇ ಅಲ್ಲಿ. ನಮ್ಮ ಅಜ್ಜಿಯ ಕಾಲದ ಹಾಗೆ ಮುಳಿಹುಲ್ಲಿನ ಮಾಡಿನ ಮನೆಗಳು, ನಡುವೆ ಶಿಲುಬೆ ಹೊತ್ತ ಕಲ್ಲಿನ ಹಳೇ ಇಗರ್ಜಿ, ಅದರ ಗೋಡೆಯ ಸಂದಿಯಲ್ಲಿ ಚಿಲ್ಲರೆಯಿದ್ದ ಡಬ್ಬಿ, ಅದನ್ನು ತೆರೆದು ‘ಕ್ಯಾಶ್’ ಎನ್ನುವ ಅಳಿಯ. ಕಾಣಿಕೆ ಡಬ್ಬಿಯಲ್ಲದೆ ನಿನಗೆ ಇನ್ನೇನು ಕಂಡೀತು? ಶರ್ಮಿಳಾಳ ಹೆರಿಗೆ ಸುಸೂತ್ರವಾಗಲೆಂದು ಹೇಳಿಕೊಂಡು ಅರಸಿನ ಬಟ್ಟೆಯಲ್ಲಿ ಕಟ್ಟಿದ ಮುಡಿಪಿನ ನಾಣ್ಯ ನಿನ್ನ ಸೊಂಟದಲ್ಲೇ ಇತ್ತು. ದೇವರ ಅಂಗಳ ಯಾರದ್ದಾದರೇನು ಎಂದು ಹಾಕಿ ಕೈಮುಗಿದೆ. ನಿನಗೆ ಕ್ಯಾಶ್ ಎಂದರೆ ನಗದು. ಇದನ್ನು ಕೇಳಿದ ಈ ಮುಖವೂ ನಗದು. ಬೇರೆ ದಿನವಾಗಿದ್ದರೆ ನಿನ್ನನ್ನು ವರ್ಷವಿಡೀ ಗೋಳು ಹುಯ್ದುಕೊಳ್ಳುತ್ತಿದ್ದೆ.

ಆಟದವರು ಮೊಬೈಲಿನಲ್ಲಿ ಬರೆದುಹಾಕಿದ ಪ್ರಕಾರ, ಯಾರೋ ಆ ಹಳದಿ ಗಂಟನ್ನು ಚಂದ ಕಂಡು ಒಯ್ದು ಇನ್ನೊಂದು ಹಳ್ಳಿಯ ಡಬ್ಬಿಯಲ್ಲಿಟ್ಟರು, ಅಲ್ಲಿಂದ ಮತ್ತೊಬ್ಬರು ಮತ್ತೊಂದಕ್ಕೆ. ಆಮೇಲೆ ನಮ್ಮ ಸುದ್ದಿ ನಿನಗೆ ಮುಟ್ಟಿತು. ಅಂದಿನಿಂದ ನಿನ್ನದು ಒಂದೇ ಮಾತು: “ದೇವರಿಗೆ ಹೇಳಿದ್ದನ್ನು ದಾರಿಹೋಕರ ಕೈಗೆ ಕೊಟ್ಟೆ, ಅದಕ್ಕೇ ಮಗು ನಿಲ್ಲಲಿಲ್ಲ.” ಗಂಟು ಸಿಗುವವರೆಗೆ ರಾತ್ರಿ ಉಣ್ಣುವುದಿಲ್ಲ ಎಂದು ಭಾವನ ಕಾರಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಿದ್ದೀ. ಮರದ ಪೊಟರೆಗೆ ಮೊಣಕೈವರೆಗೆ ಕೈಹಾಕಿ, ಜಾರಿ ಕೆಸರಲ್ಲಿ ಕೂತೆಯಂತೆ. ಇಗರ್ಜಿಯ ತೋಟ ನೋಡಿಕೊಳ್ಳುವ ಟ್ರೆವರ್ ಎನ್ನುವವರು ಎಬ್ಬಿಸಿ, ಏನು ಕಳೆದುಕೊಂಡಿರಿ ಎಂದು ಕೇಳಿದರೆ ತುಳುವಿನಲ್ಲಿ “ಬಾಲೆ” ಅಂದೆಯಂತೆ. ಮಗು ಎನ್ನುವ ಅಷ್ಟು ತುಳು ಭಾವನಿಗೆ ಬರುತ್ತದೆ. ಅವರು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಇಲ್ಲಿ ನನಗೂ ಜೋಕು ಹೊಳೆಯಲಿಲ್ಲ.

ಸಾಕು, ಅಮ್ಮಾ. ಕಾರು ಹತ್ತಬೇಡ. ಅಕ್ಕನಿಗೂ ಭಾವನಿಗೂ ನಮ್ಮ ನೆನಪುಗಳು. ನಿನ್ನ ಪಾದಕ್ಕೆ ಇಬ್ಬರದೂ ನಮಸ್ಕಾರ. ಮೊಣಕಾಲಿಗೆ ನನ್ನದೊಂದು ಬೇರೆ.

ನಿನ್ನ ಮಗ,
ರಿತೇಶ್

ಇನ್ನೊಂದು ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಬಾರದೆಂದು ಶರ್ಮಿಳಾ ಪಕ್ಕದಲ್ಲೇ ಕೂತಿದ್ದಾಳೆ. ಮುಡಿಪು ಕೈತಪ್ಪಿದ್ದಕ್ಕೆ ಮಗು ಹೋದದ್ದಲ್ಲ. ಮಗು ಹೋದ ಮೇಲೆ ನೀನು ಮುಡಿಪು ಹಾಕಿದ್ದು. ಇಗರ್ಜಿಯ ಎದುರು ನಿಂತ ನಿನ್ನ ಫೋಟೋ ಬಂದಾಗ ನಾವು ಆಸ್ಪತ್ರೆಯಿಂದ ದುಖಾನಿಗೆ ವಾಪಸಾಗುತ್ತಿದ್ದೆವು. ಅವಳು ಅದನ್ನು ದೊಡ್ಡದು ಮಾಡಿ ನೋಡಿ, “ಅತ್ತೆ ಎಷ್ಟು ಖುಷಿಯಲ್ಲಿದ್ದಾರೆ, ಇವತ್ತು ಹೇಳುದು ಬೇಡ” ಅಂದಳು.