ಸೇತುವೆಯಿಂದ ಗುಡಿಯವರೆಗೆ

ಅಕ್ಟೋಬರ್ 6, ರವಿವಾರ. ಸಂಜೆ 7

ಸೈಕಲ್ ತೊಳೆದೆ. ಚೈನಿಗೆ ಎಣ್ಣೆ. ಟೈರಿನ ಸಂದಿಯಿಂದ ಗರಸಿನ ಕಲ್ಲು ತೆಗೆದು ಬಾಲ್ಕನಿಯ ಕುಂಡಕ್ಕೆ ಹಾಕಿದೆ. ಪ್ರತಿ ರವಿವಾರ ಹಾಕುತ್ತೇನೆ. ತುಳಸಿಗೆ ಈಗ ಮಣ್ಣಿಗಿಂತ ಕಲ್ಲೇ ಹೆಚ್ಚು.

ಬೆಳಿಗ್ಗೆ ಠಾಣೆ ರೈಲು ನಿಲ್ದಾಣದಿಂದ ಕರ್ಜತ್ ಲೋಕಲ್, ಲಗೇಜ್ ಡಬ್ಬಿ. ಅಲ್ಲಿಂದ ಉಲ್ಹಾಸ ನದಿಯ ಕಣಿವೆ. ಸೇತುವೆಯಿಂದ ಮಾರುತಿ ಗುಡಿಯವರೆಗೆ ಆರು ಕಿಲೋಮೀಟರ್ ಏರು, ಹದಿನಾಲ್ಕು ತಿರುವು. ಪೂರ್ತಿ ಗರಸು, ಜಲ್ಲಿಮಣ್ಣಿನ ದಾರಿ. ಮಳೆ ಈಗಷ್ಟೇ ಬಿಟ್ಟಿದೆ. ಎರಡೂ ಕಡೆ ಗುಡ್ಡ ಹಸಿರು, ಕಣ್ಣು ನೋಯುವಷ್ಟು.

ಮಧ್ಯಾಹ್ನ ವಾಪಸು, ನೇರ ಬೈಕುಲ್ಲಾ. ಗುರುಪಾದನ ಮನೆ.

"ಬಾವೀಸ್ ಬಂದ ನೋಡ, ಚಾ ಇಡ," ಎಂದು ಹೆಂಡತಿ ನಾಗರತ್ನಾಗೆ ಕೂಗಿದ. ಸೈಕಲ್ ಆ್ಯಪಿನ ವೇಗದ ಪಟ್ಟಿಯಲ್ಲಿ ಆ ದಾರಿಯ ಮೊದಲ ಹೆಸರು ಅವನದು, ಎರಡನೆಯದು ನನ್ನದು. ನಡುವೆ ಇಪ್ಪತ್ತೆರಡು ಸೆಕೆಂಡು, ಮರಾಠಿಯಲ್ಲಿ ಬಾವೀಸ್. ನಾಲ್ಕು ವರ್ಷದಿಂದ ಅದೇ ನನ್ನ ಹೆಸರು.

ಜುಲೈಯಲ್ಲಿ, ತನ್ನ ವರ್ಕ್‌ಶಾಪಿನಲ್ಲೇ, ಲೇಥ್ ಮುಂದೆ ಲಕ್ವ ಹೊಡೆದು ಬಿದ್ದ. ಬಲಗೈ, ಬಲಗಾಲು ಹೋದವು. ಮಾತಿಗೆ ಏನೂ ಆಗಲಿಲ್ಲ.

"ಸೇತುವೆಯಿಂದ ಶುರು ಮಾಡು. ಓಡಸಬ್ಯಾಡ."

ಹೇಳಿದೆ. ಬೆಳಗಿನ ದಾರಿ, ತಿರುವು ತಿರುವಾಗಿ. ಅವನು ಕಣ್ಣು ಮುಚ್ಚಿ ಕೇಳಿದ. ಮೂರನೇ ತಿರುವಿನಲ್ಲಿ ಕಣ್ಣು ತೆರೆದ. "ನೀರ ಜಿನಗೂ ಬಂಡೆಗಲ್ಲ ಬಿಟ್ಟಿ. ಎಡಕ್ಕ." ಒಟ್ಟು ಮೂರು ತಪ್ಪು ಹಿಡಿದ.

ಹೊರಡುವಾಗ ನಾಗರತ್ನಾ ಬಾಗಿಲ ತನಕ ಬಂದರು. "ಅಣ್ಣಾರ, ನೀವು ಹೇಳಿದ್ದನ್ನ ತಲ್ಯಾಗ ಇಟಗೊಂಡ ವಾರಪೂರ್ತಿ ಪೆಡಲ್ ಹೊಡಿತಾರ್ರೀ."

ನೋಡಿದೆ. ಮಂಚದ ಕಾಲಬದಿ ಒಂದು ಪೆಡಲ್ ಯಂತ್ರ. ಬೆಳಿಗ್ಗೆ ಕಸರತ್ತು ಮಾಡಿಸುವ ನವೀನ ಅದಕ್ಕೆ ಬಲಗಾಲನ್ನು ಪಟ್ಟಿಯಿಂದ ಕಟ್ಟುತ್ತಾನೆ. ದಾರಿಯ ಒಂದು ತಿರುವಿಗೆ ಪೆಡಲಿನ ಹತ್ತು ಸುತ್ತು ಎಂದು ಲೆಕ್ಕ. ಈಗ ಐದನೇ ತಿರುವು. ಗುಡಿ ಮುಟ್ಟಿದರೆ ಎದ್ದು ನಿಲ್ಲುತ್ತೇನೆ ಎಂದು ತಾನೇ ಹಟ ಕಟ್ಟಿಕೊಂಡಿದ್ದಾನೆ. ಬರುವುದೆಲ್ಲ ಆರು ತಿಂಗಳೊಳಗೆ ಬರಬೇಕು, ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರಂತೆ. ಅಂದರೆ ಜನವರಿ.

ಅಕ್ಟೋಬರ್ 13, ರವಿವಾರ

ಏಳನೇ ತಿರುವು ಮುಟ್ಟಿದ್ದಾನೆ. ಬಲಗಾಲಿನ ಹೆಬ್ಬೆರಳು ಅಲುಗಿತು. ನನಗೆ ತೋರಿಸಲೆಂದೇ ನಾಗರತ್ನಾ ಚಾದರ ಸರಿಸಿದರು. ಚಪ್ಪಾಳೆ ತಟ್ಟಿದೆ. ಮೂರು ಸಲ. ಮೂರನೆಯದು ಹೆಚ್ಚಾಯಿತು ಅನ್ನಿಸಿತು.

ಐದು ತಪ್ಪು ಹಿಡಿದ. "ಎಂಟನೇ ತಿರುವಿನ್ಯಾಗ ಮುಂಜಾನೆ ನೆರಳ ಬಲಕ್ಕ ಬೀಳತೈತಿ. ಎಡಕ್ಕ ಅಂದಿ. ನೀ ಹೋಗಿದ್ದಿಲ್ಲೋ ಏನ?"

ಹೋಗಿದ್ದೆ. ಏಳು ಗಂಟೆಗೆ ಅಲ್ಲೇ ನಿಂತು ನೀರು ಕುಡಿದಿದ್ದೆ. ಅವನು ಎರಡೂವರೆ ತಿಂಗಳಿಂದ ಫ್ಯಾನು ನೋಡುತ್ತ ಮಲಗಿದ್ದಾನೆ. ಆದರೂ ಅವನು ಹೇಳಿದ್ದೇ ಸರಿ — ಬೆಳಿಗ್ಗೆ ತೆಗೆದ ಫೋಟೋ ನೋಡಿದೆ. ಬಲಕ್ಕೆ.

ಮಲಗಿಯೂ ಮುಂದೆ.

ಅಕ್ಟೋಬರ್ 20, ರವಿವಾರ

ಆರನೇ ತಿರುವಿನ ನೇರಳೆ ಮರ. ದಮ್ಮು ಆರಿಸಿಕೊಳ್ಳಲು ಅವನು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದ. ಗಿಡ್ಡ ಕೊಂಬೆಗೆ ಹೆಲ್ಮೆಟ್ ತೂಗುಹಾಕಿ, ಹಿಂದೆ ಬರುವ ನನಗಾಗಿ ಕಾಯುತ್ತಿದ್ದ. ನಾನು ಬಂದಾಗ ನಗುತ್ತಿದ್ದ.

ಹೇಳುತ್ತ ಹೇಳುತ್ತ ಅಲ್ಲಿಗೆ ಬಂದೆ. ತಿದ್ದಲು ಅವನು ಆಗಲೇ ಬಾಯಿ ತೆರೆದಿದ್ದ.

"ಆ ಮರಾ ಕಡದಾರ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಂದುಬಿಟ್ಟಿತು. ಅವನ ಬಾಯಿ ತೆರೆದೇ ಉಳಿಯಿತು.

"ಯಾರು?"

"ಫಾರ್ಮ್‌ಹೌಸಿನವರು."

"ಪೂರ್ತಿ?"

"ಬುಡ ಉಳದೈತಿ."

ಆಮೇಲೆ ಗುಡಿಯ ತನಕ ಒಂದೂ ತಪ್ಪು ಹಿಡಿಯಲಿಲ್ಲ.

ಇಲ್ಲಿ ಬರೆದಿಡಬೇಕು: ಮರ ಇದೆ. ಇವತ್ತು ಅದರ ಕೆಳಗೆ ಕೂತು ಬಾಳೆಹಣ್ಣು ತಿಂದೆ.

ಅಕ್ಟೋಬರ್ 22, ಮಂಗಳವಾರ

ಆಫೀಸು. ಎರಡು ಮೀಟಿಂಗ್. ಕೊಡಲಿ ಇಲ್ಲದೆ ಮರ ಬೀಳುತ್ತದೆ ಎನ್ನುವುದೇ ತಲೆಯಲ್ಲಿ. ಪಶ್ಚಾತ್ತಾಪ ಹುಡುಕಿದೆ. ಕುತೂಹಲ ಸಿಕ್ಕಿತು. ಇನ್ನೇನು ಬೀಳಬಹುದು?

ಅಕ್ಟೋಬರ್ 27, ರವಿವಾರ

ಒಂಬತ್ತನೇ ತಿರುವಿನ ಚಹಾದಂಗಡಿ ಚನ್ನವ್ವನದು. ಇಂಡಿ ತಾಲೂಕಿನ ಕಡೆಯವಳು, ಗುರುಪಾದನ ಊರಿನ ಹತ್ತಿರ. ಬಂಗಲೆ ಕಟ್ಟುವ ಕೆಲಸಕ್ಕೆ ಬಂದವಳು ಅಲ್ಲೇ ಉಳಿದಳು. ನನ್ನನ್ನು ಕಂಡ ಕೂಡಲೇ, "ನಿಮ್ಮ ಗೆಳ್ಯಾರು ಹ್ಯಾಂಗ ಅದಾರ್ರೀ? ಒಬ್ಬರ ಬರ್ತೀರಿ, ನೋಡಾಕ ಚೆಂದ ಕಾಣಂಗಿಲ್ಲ ನೋಡ್ರಿ."

ಹಾರ್ಲಿಕ್ಸ್ ಬಾಟಲಿ ತುಂಬ ಶೇಂಗಾ ಹಿಂಡಿ ಕೊಟ್ಟಳು, ಮನೆಯ ಚಟ್ನಿಪುಡಿ. "ನಾ ಕುಟ್ಟಿದ್ದು ಅಂತ ಹೇಳ್ರಿ. ತಿಂದ್ರ ಎದ್ದ ಕುಂದರತಾರ."

ಬೈಕುಲ್ಲಾದಲ್ಲಿ ಹೇಳಿದೆ: ಚಹಾದಂಗಡಿ ಕಿತ್ತಿದ್ದಾರೆ. ಚನ್ನವ್ವ ಊರಿಗೆ ಹೋದಳಂತೆ.

"ನನಗ ಏನೂ ಹೇಳಿ ಕಳಸಲಿಲ್ಲೇನ?"

"ಇಲ್ಲ."

ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡ. ಯಾರದೋ ಸಾಮಾನು ಇಟ್ಟಂತೆ.

ಹಿಂಡಿ ಖಾರ ತುಸು ಜಾಸ್ತಿ. ಚಪಾತಿಗೆ ಚೆನ್ನಾಗಿದೆ.

ನವೆಂಬರ್ 3, ರವಿವಾರ

ಕಣಿವೆಗೆ ಹೋಗಲಿಲ್ಲ. ಲೋಕಲ್‌ನಲ್ಲಿ ದೀಪಾವಳಿ ರಶ್, ಸೈಕಲ್ ಒಳಗೆ ಬಿಡುವುದಿಲ್ಲ. ಮಧ್ಯಾಹ್ನದ ತನಕ ಮಲಗಿದ್ದು ಹೊರಟೆ. ಶೂಗೆ ಕುಂಡದ ಮಣ್ಣು ಹಚ್ಚಿಕೊಂಡು. ಹೋಗದೆ ಹೇಳುವುದು ಸುಲಭ; ನೋಡಿದ್ದು ಅಡ್ಡ ಬರುವುದಿಲ್ಲ.

ಸೇತುವೆಯಿಂದ ಹತ್ತನೇ ತಿರುವಿನ ತನಕ ಸಿಮೆಂಟ್ ಹಾಕಿಸಿದೆ.

"ಗರಸು?"

"ಎಲ್ಲಿ ಗರಸು. ಬೆಳ್ಳಗ ಹೊಡಿತೈತಿ, ಕಣ್ಣ ತೆರಿಯಾಕ ಆಗಂಗಿಲ್ಲ."

ನಾನೇ ಮುಂದುವರಿಸಿದೆ: "ಒಂದ ಚಲೋ ಆತು. ಇನ್ನ ನಿನ್ನ ರೆಕಾರ್ಡ್ ಯಾರೂ ಮುರಿಯಾಂಗಿಲ್ಲ. ಗರಸಿನ ಮ್ಯಾಲ ನೀನ ಕಡೇದಾಂವ."

ಕ್ಷಣ ತಡೆದು ನಕ್ಕ. "ಹಂಗಾರ ನೀ ಸಾಯೂತನಾ ಬಾವೀಸ್!"

ನಾಗರತ್ನಾ ಕೂಡ ನಕ್ಕರು. ಎಲ್ಲರಿಗಿಂತ ಹೆಚ್ಚು ನಾನು ನಕ್ಕೆ.

ನವೆಂಬರ್ 17, ರವಿವಾರ

ಕಳೆದ ವಾರ ಬರೆಯಲಿಲ್ಲ. ಬೈಕುಲ್ಲಾಕ್ಕೂ ಹೋಗಲಿಲ್ಲ, ಕಣಿವೆಗೂ ಇಲ್ಲ. ಇವತ್ತು ಬೈಕುಲ್ಲಾಕ್ಕೆ ಮಾತ್ರ.

ಮೆಟ್ಟಿಲಲ್ಲಿ ನವೀನ ಸಿಕ್ಕ. ಉಡುಪಿ ಕಡೆಯ ಹುಡುಗ, ಮಾತು ಮೆತ್ತಗೆ. "ಸರ್, ಅವರು ಈಗ ಪೆಡಲ್ ಮುಟ್ಟುವುದೇ ಇಲ್ಲ ಮಾರಾಯ್ರೆ. ಹತ್ತನೇದಕ್ಕೆ ಬಂದಿದ್ರು. ಈಗ ಬೆರಳೂ ಅಲ್ಲಾಡುವುದಿಲ್ಲ. ಯಾವ ರಸ್ತೆಗೆ ಹೊಡೀಲಿ ಅಂತ ಕೇಳ್ತಾರೆ. ನೀವು ಸ್ವಲ್ಪ ಒಳ್ಳೇದು ಹೇಳಿ, ಆಯ್ತಾ?"

"ಇದ್ದದ್ದನ್ನ ಹೇಳಬೇಕಲ್ಲ," ಎಂದೆ.

ಒಳಗೆ ಹೋದೆ. ಪೆಡಲ್ ಯಂತ್ರದ ಮೇಲೆ ಟವೆಲು ಒಣಗಲು ಹಾಕಿದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವುದು ಎಂದರೆ ಏನು ಎಂದು ನೋಡುವಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದೆ ಕೂಡ.

"ಹತ್ತರ ಮುಂದ ಏನೈತಿ?" ಅವನೇ ಕೇಳಿದ. "ಅಲ್ಲರ ಗರಸು ಉಳದೈತಿಲ್ಲೋ?"

"ಹನ್ನೊಂದಕ್ಕ ಗೇಟ್ ಹಾಕ್ಯಾರ. ಬೀಗ."

"ಗುಡಿ?"

"ಒಳಗ ಉಳೀತು."

ಅವನು ತನ್ನ ಎಡಗೈಯಿಂದಲೇ ಮಂಚದ ಅಂಚು ಹಿಡಿದು ಗೋಡೆಯ ಕಡೆಗೆ ಹೊರಳಿದ. ಬಹಳ ಹೊತ್ತು ಹಿಡಿಯಿತು. ಸಹಾಯ ಮಾಡಲಿಲ್ಲ. ಚಹಾ ಮುಗಿಸಿದೆ.

ನವೆಂಬರ್ 24, ರವಿವಾರ

ದಾರಿ ಕೇಳಲಿಲ್ಲ. ಮೊದಲ ಸಲ. ಹೇಳಲು ಏನೂ ಉಳಿದಿರಲಿಲ್ಲ, ಆದರೂ ಕೇಳಬಹುದಿತ್ತು.

ಮಗಳು ಪ್ರಣೀತಾ ಮನೆಯಲ್ಲಿದ್ದಳು. ಬಾಂದ್ರಾದಲ್ಲಿ ಕೆಲಸ. ಗೋಡೆಗೆ ತೂಗುಹಾಕಿದ್ದ ಅಪ್ಪನ ಸೈಕಲ್ ಇಳಿಸಿ ಗಾಳಿ ಹಾಕುತ್ತಿದ್ದಳು.

"ಅಂಕಲ್, ಆ ರೂಟ್ ಫೈಲ್ ಕಳಿಸ್ತೀರಾ? ಪಪ್ಪಾಗೆ ವಿಡಿಯೋ ಮಾಡಿ ತೋರಸ್ತೀನಿ."

"ಅಲ್ಲೇನೈತಿ ಈಗ? ಸಿಮೆಂಟು."

"ಸಿಮೆಂಟ್ ತೋ ಸಿಮೆಂಟ್. ಪಪ್ಪಾ ನೋಡಬೇಕು ಬಸ್. ಹೀಗೆ ಮಲಗಿ ಮಲಗಿ... ಯೂಂ ಪಡೇ ಪಡೇ..." ಕನ್ನಡ ಸಾಲದೆ ನಿಲ್ಲಿಸಿದಳು. ಕಣ್ಣು ಒರೆಸಿಕೊಂಡಳು. ಕೈಯ ಗ್ರೀಸು ಕೆನ್ನೆಗೆ ಹತ್ತಿತು. ಹೇಳಲಿಲ್ಲ.

ಕಳಿಸುತ್ತೇನೆ ಎಂದೆ. ಆ ಕಡೆ ನಾಯಿಕಾಟ ಎಂದೂ ಹೇಳಿದೆ.

ನವೆಂಬರ್ 29, ಶುಕ್ರವಾರ

ಕಳಿಸಲಿಲ್ಲ. ಅವಳ ಮೆಸೇಜು: ಟೆನ್ಶನ್ ಬೇಡ ಅಂಕಲ್, ಪಪ್ಪಾನ ಫೋನಲ್ಲೇ ಫೈಲ್ ಸಿಕ್ತು. ರವಿವಾರ ಹೋಗ್ತೀನಿ. ಕೊನೆಗೊಂದು ಸೈಕಲ್ಲಿನ ಚಿತ್ರ.

ಹೆಬ್ಬೆರಳಿನ ಚಿತ್ರ ಒತ್ತಿದೆ.

ಡಿಸೆಂಬರ್ 1, ರವಿವಾರ. ಸಂಜೆ 4

ನಾಗರತ್ನಾ ಫೋನು ಮಾಡಿದ್ದರು. ಯಾವಾಗಲೂ ಮೊದಲು ಊಟ ಆಯ್ತೇನ್ರಿ ಎನ್ನುವವರು, ಇವತ್ತು ಕೇಳಲಿಲ್ಲ.

"ಪ್ರಣೀತಾ ಬಂದಾಳ್ರಿ. ವಿಡಿಯೋ ತಂದಾಳ. ಚನ್ನವ್ವ ರೊಟ್ಟಿ ತಿನಿಸಿ ಕಳಿಸ್ಯಾಳಂತ. ಹಿಂಡಿ ಮುಟ್ಟಿತೇನು ಅಂತ ಕೇಳಿದಳಂತ." ಸ್ವಲ್ಪ ತಡೆದು, "ಯಾವ ಹಿಂಡಿ, ಅಣ್ಣಾರ?"

ಹಿಂದಿನಿಂದ ಸದ್ದು ಕೇಳುತ್ತಿತ್ತು — ಕಿರ್... ಕಿರ್... ಪೆಡಲ್ ಯಂತ್ರ. ಅದರ ಮೇಲೆ ಗುರುಪಾದನ ದನಿ, ಏದುಸಿರು, ನಗು ಎರಡೂ ಬೆರೆತು: "ಹನ್ನೊಂದು ದಾಟಿತಲೇ! ಗೇಟ್ ಎಲ್ಲೈತಿ? ಬಾವೀಸಗ ಹೇಳು, ಇವತ್ತೂ ಬರಬೇಕು. ಸೇತುವೆಯಿಂದ ಶುರು ಮಾಡಿ ಪೂರ್ತಿ ಹೇಳಬೇಕು. ಬೀಗದ ಬಣ್ಣಾನೂ ಹೇಳಬೇಕು. ನಾ ಚಾ ಕುಡಕೋತ ಕೇಳತೀನಿ."

"ಕೇಳಿಸಿತೇನ್ರಿ?" ಎಂದರು ನಾಗರತ್ನಾ. ಫೋನು ಇಟ್ಟರು.

4.40

ಹೋಗಬೇಕು. ಹೋಗದಿದ್ದರೆ ಮುಂದಿನ ರವಿವಾರವೂ ಕರೆಯುತ್ತಾನೆ, ಅದರ ಮುಂದಿನದಕ್ಕೂ. ನಾಲ್ಕು ವರ್ಷ ಆ ಮರದ ಕೆಳಗೆ ಕಾದವನು.

ಇದ್ದದ್ದನ್ನು ಇದ್ದಂತೆ ಹೇಳಿಬಿಡುವುದು. ಮೊದಲು ಇಲ್ಲಿ ಬರೆದುಕೊಂಡು ಹೋಗುತ್ತೇನೆ. ಕಣಿವೆ ನೋಡಿ ಐದು ವಾರ.

ಸೇತುವೆ. ಮೊದಲ ತಿರುವು ಎಡಕ್ಕೆ. ಎರಡನೆಯದು... ಸಿಮೆಂಟು. ಅಲ್ಲ. ಗರಸು. ಮೂರನೆಯದರಲ್ಲಿ ನೀರು ಜಿನುಗುವ ಬಂಡೆ, ಎಡಕ್ಕೆ. ಅದು ಅವನು ಹೇಳಿದ್ದು. ನಾಲ್ಕು. ಐದು. ಆರಕ್ಕೆ ನೇರಳೆಯ ಬುಡ. ಬುಡ ಅಲ್ಲ, ಮರ. ಗಿಡ್ಡ ಕೊಂಬೆ ರಸ್ತೆಯ ಕಡೆಗೋ, ನದಿಯ ಕಡೆಗೋ —