ಹಿಂದಿನ ಟ್ರೇಲರ್ ಯಾರದು

ಬ್ಯಾಡಗಿ
ಭಾನುವಾರ, ೧ ಮಾರ್ಚ್ ೨೦೨೬

ಅವ್ವಾ,

ನಿನ್ನ ಅರುಣಾ ಬರೆಯುತ್ತಿದ್ದೇನೆ. ಕಾಗದ ಕಂಡು ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಮೊನ್ನೆ ಫೋನಿನಲ್ಲಿ ನೀನು ಅಷ್ಟೆಲ್ಲ ಹೇಳಿದೆ, ನಾನು ಬರೀ ಹೂಂ ಎಂದೆ. ಸಿಟ್ಟಿನಿಂದ ಅಲ್ಲ. ನಮ್ಮದು ಒಂದೇ ಖೋಲಿಯ ಮನೆ, ಒಲೆಯ ಕಟ್ಟೆಯಿಂದ ಕೈ ಚಾಚಿದರೆ ನಿನ್ನ ಅಳಿಯನ ಕುರ್ಚಿ ಸಿಗುತ್ತದೆ. ಅವರು ಕೇಳುವ ಹಾಗೆ ಅವರ ಮಾತನ್ನು ಹೇಗೆ ಆಡಲಿ? ನೀನು ಏಳನೆಯ ಇಯತ್ತೆಯವರೆಗೆ ಓದಿದವಳು, ನನ್ನ ಅಕ್ಷರ ನಿನಗೆ ತಿಳಿಯುತ್ತದೆ. ಅಣ್ಣನ ಕೈಲಿ ಓದಿಸಬೇಡ. ನಿಧಾನವಾಗಿ ನೀನೇ ಓದು.

ಯುಗಾದಿಗೆ ಮೊದಲೇ ಬಟ್ಟೆ ಕಟ್ಟಿಕೊಂಡು ಗುತ್ತಲಕ್ಕೆ ಬಂದುಬಿಡು ಎಂದೆ ನೀನು. ಒಂದು ಹೆಣ್ಣುಮಗಳ ಜೀವ ಹೋಗಲು ಕಾರಣನಾದ ಮೇಲೂ ಕಂಪ್ಯೂಟರಿನಲ್ಲಿ ಲಾರಿ ಆಟ ಆಡುತ್ತ ಕೂರುವ ಗಂಡಸಿನ ಜೊತೆ ಎಂಥ ಬಾಳ್ವೆ ಎಂದೆ. ನಿನಗೆ ಯಾರು ಹೇಳಿದರೋ, ಹೇಳಿದ್ದು ಸುಳ್ಳಲ್ಲ. ಅವರು ಆಡುತ್ತಾರೆ. ಈಗಲೂ ನನಗೆ ಬೆನ್ನು ಮಾಡಿ ಕೂತು ಆಡುತ್ತಿದ್ದಾರೆ. ಆದರೆ ನಡುವೆ ಆದದ್ದು ನಿನಗೆ ಗೊತ್ತಿಲ್ಲ. ನಾನೂ ಹೇಳಿರಲಿಲ್ಲ.

ಅಪಘಾತದ ಸುದ್ದಿ ನೀನು ಕೇಳಿದ್ದೀ, ಆದರೂ ಮೊದಲಿನಿಂದಲೇ ಬರೆಯುತ್ತೇನೆ. ಅವರ ಗಾಡಿ ಎಂದರೆ ಬರೀ ಮುಂದಿನ ಎಂಜಿನ್ ಗಾಡಿ. ಹಿಂದೆ ಜೋಡಿಸುವ ಉದ್ದನೆಯ ಟ್ರೇಲರ್ ಅವರದಲ್ಲ. ರಾಣೇಬೆನ್ನೂರಿನಲ್ಲಿ ಯಾರ ಟ್ರೇಲರ್ ಮಾಲು ತುಂಬಿ ನಿಂತಿರುತ್ತಿತ್ತೋ ಅವರು ಕರೆಯುತ್ತಿದ್ದರು, ಇವರು ಹೋಗಿ ಜೋಡಿಸಿಕೊಂಡು ಎಳೆಯುತ್ತಿದ್ದರು. ನೀನೇ ಒಮ್ಮೆ ಅದನ್ನೂ ಒಂದು ಕೊಳ್ಳಬಾರದೇನಪ್ಪಾ ಎಂದು ಕೇಳಿದ್ದೆ. ಬೇಡ ಅತ್ತಿ, ಅದರ ಟೈರು, ಬ್ರೇಕು, ಆರ್‌ಟಿಓ ಪಾಸಿಂಗು ಎಲ್ಲ ಅದರ ಮಾಲಕನ ತಲೆಬೇನೆ, ಮುಟ್ಟಿಸಿ ಬಿಟ್ಟುಬಂದರೆ ನಮ್ಮ ಕೆಲಸ ಮುಗಿಯಿತು ಎಂದು ನಕ್ಕಿದ್ದರು.

ಆ ದಿನ ಎಳೆದದ್ದು ಗುಡ್ಡಪ್ಪನ ಟ್ರೇಲರ್. ಮೆಕ್ಕೆಜೋಳದ ಚೀಲಗಳು. ಹೊರಡುವ ಮೊದಲೇ ಹಿಂದಿನ ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ ಎಂದು ಇವರಿಗೆ ತಿಳಿಯಿತು, ಗುಡ್ಡಪ್ಪನಿಗೆ ಫೋನ್ ಮಾಡಿದರು. ಇದೊಂದು ಟ್ರಿಪ್ಪು ಮುಟ್ಟಿಸಿ ಬಾ, ಬಂದ ಮೇಲೆ ಮಾಡಿಸೋಣ ಎಂದನಂತೆ. ಇವರು ಹೊರಟರು. ಮೋಟೆಬೆನ್ನೂರಿನ ಹತ್ತಿರ ಮುಂದೆ ಹೋಗುತ್ತಿದ್ದ ಬಸ್ಸು ತಟ್ಟನೆ ನಿಂತಿತು. ಇವರು ಬ್ರೇಕ್ ಒತ್ತಿದರು. ಮುಂದಿನ ಗಾಡಿ ನಿಂತಿತು, ಹಿಂದಿನದು ನಿಲ್ಲಲಿಲ್ಲ. ಅಡ್ಡ ತಿರುಗಿ ರಸ್ತೆಯ ಅಂಚಿಗೆ ಬೀಸಿತು. ಬ್ಯಾಡಗಿಗೆ ಬರಲು ಬಸ್ಸಿಗೆ ಕಾಯುತ್ತ ಮೈಲವ್ವ ಎಂಬ ಹೆಂಗಸು ಅಲ್ಲಿ ನಿಂತಿದ್ದಳು.

ಆಮೇಲಿನದು ನಿನಗೆ ಗೊತ್ತಿದೆ. ಜಾಮೀನಿನ ಮೇಲೆ ಬಂದರು. ಗಾಡಿ ಮಾರಿದೆವು. ನನಗೆ ಇಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಸಿಗುತ್ತದೆಂದು ರಾಣೇಬೆನ್ನೂರಿನ ಮನೆ ಬಿಟ್ಟು ಬ್ಯಾಡಗಿಗೆ ಬಂದೆವು. ಒಮ್ಮೆ ಮನಸ್ಸು ಬಿಚ್ಚಿ ಅತ್ತುಬಿಡು, ಹಗುರಾಗುತ್ತದೆ ಎಂದು ನೀನು ಹೇಳುತ್ತಿದ್ದೆ. ಅಳು ಬರಲಿಲ್ಲ ಅವ್ವಾ. ಅನ್ನ ಮಾಡುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಕೆಲಸಕ್ಕೆ ಹೋಗಿಬರುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಅವರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಉತ್ತರ ಕೊಡಬೇಕೆಂಬುದು ಸ್ವಲ್ಪ ತಡವಾಗಿ ಹೊಳೆಯುತ್ತಿತ್ತು. ಅವರಂತೂ ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ.

ಅವರ ಗೆಳೆಯ ನಯಾಜನನ್ನು ನೀನು ನಮ್ಮ ಮದುವೆಯಲ್ಲಿ ನೋಡಿದ್ದೀ, ರಾಣೇಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಂದು ದಿನ ಅವನು ಹಳೆಯ ಕಂಪ್ಯೂಟರು, ಅದಕ್ಕೆ ಜೋಡಿಸುವ ಸ್ಟೇರಿಂಗು ತಂದು ಇಟ್ಟ. ವೈನಿ, ಕೈಗೊಂದು ಕೆಲಸ ಇರಲಿ, ಬೇಡ ಅನ್ನಬೇಡಿರಿ ಎಂದ. ಕೆಲವು ದಿನ ಅದರ ಮೇಲೆ ನನ್ನ ಒಣಗಿದ ಸೀರೆ ಬಿದ್ದಿತ್ತು. ಒಂದು ಮಧ್ಯಾಹ್ನ ಕೆಲಸದಿಂದ ಬಂದಾಗ ಸೀರೆ ಮಡಚಿಟ್ಟಿತ್ತು, ಅವರು ಓಡಿಸುತ್ತಿದ್ದರು.

ಅದು ಯಾವುದೋ ಪರದೇಶದ ರಸ್ತೆ. ಬಲಗಡೆಗೆ ಓಡಿಸಬೇಕು. ಹೊಲ, ಮರ, ಗಾಳಿಗೆ ತಿರುಗುವ ದೊಡ್ಡ ಪಂಖಗಳು. ರಸ್ತೆಯ ಬದಿಗೆ ಜನರೇ ಇಲ್ಲ. ಇವರು ಯಾಕೆ ಅದನ್ನು ಅಷ್ಟು ಹೊತ್ತು ಓಡಿಸುತ್ತಾರೆ ಎಂದು ನಾನು ಕೇಳಲಿಲ್ಲ. ಯಾವುದೋ ಕಂಪನಿಯ ಅಂಗಳಕ್ಕೆ ಹೋಗುವುದು, ತುಂಬಿ ನಿಂತ ಟ್ರೇಲರ್ ಜೋಡಿಸಿಕೊಳ್ಳುವುದು, ಇನ್ನೊಂದು ಊರಿನಲ್ಲಿ ಬಿಡುವುದು. ಮತ್ತೆ ಮುಂದಿನದು. ಮೊದಲಿನ ಬದುಕೇ ಆಗಿತ್ತು, ಧೂಳು ಮಾತ್ರ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ದಿನ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವರು ತಿರುಗಿ, ಅರುಣಾ, ಈ ಆಟದೊಳಗ ಸ್ವಂತ ಟ್ರೇಲರ್ ತುಗೊಳ್ಳಾಕ ಬರತೈತಿ, ತುಗೊಳ್ಳಲೇನು ಎಂದು ಕೇಳಿದರು. ತಿಂಗಳುಗಳ ಮೇಲೆ ಅವರಾಗಿ ಆಡಿದ ಮಾತು ಅದು. ನಿಮಗೆ ಹೇಗೆ ಬೇಕೋ ಹಾಗೆ ಎಂದೆ. ಹಾಗಲ್ಲ, ನೀನು ಹೇಳು ಎಂದರು. ನನಗೇನು ತಿಳಿಯುತ್ತದೆ, ಏನು ಫರಕು ಎಂದು ಕೇಳಿದೆ. ಆಗ ಅವರು ಕುರ್ಚಿ ತಿರುಗಿಸಿ ಕೂತು ಬಹಳ ಹೊತ್ತು ತಿಳಿಸಿ ಹೇಳಿದರು. ಕಂಪನಿಯ ಟ್ರೇಲರ್ ಎಳೆದರೆ ಯಾವ ಊರಿನಿಂದ ಯಾವ ಊರಿಗಾದರೂ ಹೋಗಬಹುದು, ಬಿಟ್ಟು ಬರಿಗೈಯಲ್ಲಿ ತಿರುಗಬಹುದು, ಅದು ಸವೆದರೂ ಕೆಟ್ಟರೂ ನಮಗೆ ಸಂಬಂಧವಿಲ್ಲ. ಸ್ವಂತದ್ದಾದರೆ ಎಲ್ಲ ಮಾಲು ಅದಕ್ಕೆ ಹೊಂದುವುದಿಲ್ಲ, ಸಿಕ್ಕ ಕೆಲಸವನ್ನೇ ಮಾಡಬೇಕು. ಹೋದಲ್ಲೆಲ್ಲ ಅದು ಬೆನ್ನ ಹಿಂದೆಯೇ ಬರುತ್ತದೆ. ಸವೆದರೆ ನಾವೇ ರಿಪೇರಿ ಮಾಡಿಸಬೇಕು.

ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ. ಯೋಚಿಸಿ ಕೇಳಿದ್ದಲ್ಲ, ಬಾಯಿಗೆ ಬಂತು.

“ಬ್ರೇಕ್ ಯಾರು ನೋಡಬೇಕ್ರಿ?”

ಪರದೆಯ ಮೇಲೆ ಗಾಡಿ ಒಂದೇ ಸವನೆ ಗುರುಗುಟ್ಟುತ್ತಿತ್ತು.

“ನಮ್ದಾದ್ರ ನಾವ ನೋಡಬೇಕು,” ಎಂದರು.

“ಹಂಗಾದ್ರ ತುಗೋರಿ.”

ತೆಗೆದುಕೊಂಡರು. ಕೆಂಪು ಬಣ್ಣದ್ದು. ಅಂದಿನಿಂದ ಒಂದು ಹೊಸ ರೂಢಿ ಬಂತು. ಪ್ರತಿ ಸಲ ಹೊರಡುವ ಮೊದಲು ಕುರ್ಚಿಯಿಂದ ಎದ್ದು ಖೋಲಿಯ ಸುತ್ತ ಒಂದು ಸುತ್ತು ಬರುತ್ತಾರೆ. ಮಂಚದ ಬದಿಯಿಂದ ಹೋಗಿ, ಬಾಗಿಲ ಹತ್ತಿರ ತಿರುಗಿ, ನೀರಿನ ಕೊಡಗಳ ಮುಂದೆ ಟ್ರೇಲರಿನ ಗಾಲಿ ನೋಡುವವರ ಹಾಗೆ ಒಮ್ಮೆ ಬಗ್ಗಿ ನೋಡಿ, ಬಂದು ಕೂರುತ್ತಾರೆ. ಆಟಕ್ಕೆ ಅದರ ಗರಜಿಲ್ಲ. ಮೊದಲ ದಿನ ಅವರ ತಲೆ ಕೆಟ್ಟಿತು ಎಂದುಕೊಂಡೆ. ಅದಕ್ಕೂ ನನಗೆ ಹೆದರಿಕೆಯಾಗಲಿಲ್ಲ. ದಾರಿಗೆ ಅಡ್ಡ ಇದ್ದ ಟ್ರಂಕನ್ನು ಮಂಚದ ಕೆಳಗೆ ಸರಿಸಿದೆ, ಅಷ್ಟೇ. ಒಂದು ದಿನ ಅವರ ಹಿಂದೆಯೇ ನಾನೂ ಸುತ್ತು ಹಾಕಿದೆ. ಅವರು ಬಗ್ಗಿದಲ್ಲಿ ಬಗ್ಗಿದೆ. ಯಾರೂ ನಗಲಿಲ್ಲ.

ಶಂಕ್ರಪ್ಪ ಬಂದದ್ದು ಅದಾದ ಮೇಲೆ. ಶಂಕ್ರಪ್ಪ ಎಂದರೆ ಮೈಲವ್ವನ ಗಂಡ. ಅಂದು ಸೋಮವಾರ, ಪೇಟೆಯ ದಿನ, ಓಣಿಯ ತುಂಬ ಮೆಣಸಿನಕಾಯಿಯ ಘಾಟು. ಬಾಗಿಲಲ್ಲಿ ನಿಂತು ಹುಲಿಗೇಶನ ಮನೆ ಇದೇ ಏನು ಎಂದು ಕೇಳಿದರು. ಕೋರ್ಟಿನಲ್ಲಿ ದೂರದಿಂದ ನೋಡಿದ್ದೆ, ಗುರುತು ಸಿಕ್ಕಿತು. ಒಳಗೆ ಬರ್ರಿ ಎಂದೆ. ಬಂದರು, ಕೂರಲಿಲ್ಲ. ಕಂಪ್ಯೂಟರು ಹಚ್ಚಿಯೇ ಇತ್ತು, ಆ ಕೆಂಪು ಟ್ರೇಲರ್ ರಸ್ತೆಯ ಬದಿಗೆ ನಿಂತಿತ್ತು. ಇವರು ಎದ್ದು ಕೈ ಕೆಳಗೆ ಬಿಟ್ಟು ನಿಂತರು. ಈಗ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಲಿಲ್ಲ, ಬೇಡ ಎಂದೂ ಅನ್ನಿಸಲಿಲ್ಲ. ನೀರು ಕೊಡಬೇಕು, ತಂಬಿಗೆ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದೆ.

ಶಂಕ್ರಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಂದ ಕೆಲಸ ಹೇಳಿದರು. ಹಾವೇರಿಯ ಕೋರ್ಟಿನಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆ. ಆ ಟ್ರೇಲರ್ ನನ್ನದಲ್ಲ, ಅಪಘಾತಕ್ಕೆ ಮೊದಲೇ ಮಾರಿದ್ದೆ ಎಂದು ಗುಡ್ಡಪ್ಪ ಹೇಳುತ್ತಿದ್ದಾನೆ. ಎಳೆದವನು ಬಂದು ಹೇಳದಿದ್ದರೆ ಅರ್ಜಿ ನಿಲ್ಲುವುದಿಲ್ಲ ಎಂದು ಅವರ ವಕೀಲರು ಹೇಳಿದ್ದಾರೆ. ಇಷ್ಟು ಹೇಳಿ ಮತ್ತೆ ಪರದೆಯ ಕಡೆ ಕೈ ಮಾಡಿದರು.

“ಇದರಾಗಿನ ಹಿಂದಿನ ಟ್ರೇಲರ್ ಯಾರ್ದು?”

“ಇದು ನಂದ ಐತ್ರಿ.”

“ಅವತ್ತಿಂದು?”

“ಗುಡ್ಡಪ್ಪಂದು. ಬ್ರೇಕ್ ಹಿಡೀವಲ್ದು ಅಂತ ಹೇಳಿದ್ದೆ. ಇದೊಂದು ಟ್ರಿಪ್ ಮುಟ್ಟಿಸಿ ಬಾ ಅಂದ. ಗೊತ್ತಿದ್ದೂ ಎಳಕೊಂಡು ಹೋದಾಂವ ನಾನ ರೀ.”

“ಎರಡೂ ಹೇಳ್ತೀಯೇನು ಅಲ್ಲಿ?”

“ಹೇಳ್ತೇನ್ರಿ.”

ಶಂಕ್ರಪ್ಪ ಆಮೇಲೆ ನೀರು ಕುಡಿದರು. ತಂಬಿಗೆಯನ್ನು ನನ್ನ ಕೈಗೇ ಕೊಟ್ಟು ಹೋದರು.

ನಮ್ಮ ವಕೀಲರು ಇದು ತಿಳಿದು ಸಿಟ್ಟಿಗೆದ್ದರು. ಟ್ರೇಲರ್ ಗುಡ್ಡಪ್ಪನದು ಎನ್ನು, ಬ್ರೇಕು ಕೆಟ್ಟಿತ್ತು ಎನ್ನು, ಅಷ್ಟಕ್ಕೆ ನಿಲ್ಲಿಸು, ನಿನಗೆ ಮೊದಲೇ ಗೊತ್ತಿತ್ತು ಎಂಬ ಮಾತು ಬಾಯಿಂದ ಬರಕೂಡದು, ಬಂದರೆ ಅಪಘಾತಕ್ಕೆ ಪೊಲೀಸರು ನಿನ್ನ ಮೇಲೆ ಹಾಕಿದ ಕೇಸಿನಲ್ಲಿ ನಿನ್ನನ್ನು ಉಳಿಸಲು ನನ್ನಿಂದ ಆಗದು ಎಂದರು. ಗುಡ್ಡಪ್ಪನೂ ಹೇಳಿ ಕಳಿಸಿದ. ಆದದ್ದು ಆಗಿಹೋಯಿತು, ಸುಮ್ಮನಿರು, ಕೇಸು ಮುಗಿದ ಮೇಲೆ ನನ್ನದೇ ಹೊಸ ಗಾಡಿ ಕೊಡುತ್ತೇನೆ, ಓಡಿಸಿಕೊಂಡಿರು ಎಂದು. ಇವರು ನನ್ನ ಮುಖ ನೋಡಿದರು. ಹಾವೇರಿಗೆ ಹೋಗುವ ದಿನ ಅವರ ಅಂಗಿಗೆ ಇಸ್ತ್ರಿ ಮಾಡಿ ಕೊಟ್ಟೆ, ನಾನೂ ಜೊತೆಗೆ ಹೋದೆ.

ಎರಡನ್ನೂ ಹೇಳಿದರು. ಕಟಕಟೆಯಲ್ಲಿ ನಿಂತು, ಇಲ್ಲಿ ನನಗೆ ಸ್ವಂತ ಟ್ರೇಲರಿನ ಫರಕು ತಿಳಿಸಿದ ಹಾಗೆಯೇ, ಒಂದರ ಹಿಂದೆ ಒಂದು ಸಾವಕಾಶ ಹೇಳಿದರು. ಗೊತ್ತಿದ್ದೂ ಯಾಕೆ ಹೋದೆ ಎಂದು ಗುಡ್ಡಪ್ಪನ ವಕೀಲರು ಕೇಳಿದರು. ಹಿಂದಿನದು ನನ್ನದಲ್ಲ ಎಂದು ಹೋದೆ ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ಮೋಟೆಬೆನ್ನೂರು ಬಂದಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮುಚ್ಚಿಕೊಳ್ಳಲಿಲ್ಲ, ಆ ಜಾಗ ದಾಟುವವರೆಗೂ ಕಿಟಕಿಯಲ್ಲಿ ನೋಡಿದರು.

ಹೋದ ವಾರ ಶಂಕ್ರಪ್ಪನ ಪರವಾಗಿ ತೀರ್ಪಾಯಿತು. ಟ್ರೇಲರ್ ಗುಡ್ಡಪ್ಪನದೇ ಎಂದು ಕೋರ್ಟು ಒಪ್ಪಿತು. ನಮ್ಮ ಕೇಸು ಇನ್ನೂ ಇದೆ. ಅವರೇ ಹೇಳಿದ್ದು ಕಾಗದದ ಮೇಲೆ ಬಂದಿದೆ, ಹೆಚ್ಚು ಕಡಿಮೆ ಜೈಲಾಗುತ್ತದೆ ಎಂದು ವಕೀಲರು ಹೇಳಿದ್ದಾರೆ. ರಾಣೇಬೆನ್ನೂರಿನಿಂದ ಇನ್ನು ಯಾರೂ ಅವರನ್ನು ಗಾಡಿಗೆ ಕರೆಯುವುದಿಲ್ಲ. ಕರೆದರೂ ಹೋಗುವುದಿಲ್ಲ ಎಂದಿದ್ದಾರೆ. ಈಗ ಇಲ್ಲಿನ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಹೊರುತ್ತಾರೆ. ಭಾನುವಾರ ಮಾತ್ರ ಆಟಕ್ಕೆ ಕೂರುತ್ತಾರೆ. ನಿನಗೆ ಸುದ್ದಿ ಮುಟ್ಟಿಸಿದವರು ಭಾನುವಾರವೇ ಬಂದಿರಬೇಕು.

ಜೈಲಿಗೆ ಹೋಗುವವನ ಮನೆಯಲ್ಲಿ ನೀನು ಯಾಕೆ ಇರಬೇಕು ಎಂದು ಈಗ ಇನ್ನೂ ಜೋರಾಗಿ ಕೇಳುತ್ತೀ. ಅವರ ಮೇಲೆ ಪ್ರೀತಿ ಇದೆಯೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಸಿಟ್ಟಿದೆಯೇ ಎಂದರೂ ಗೊತ್ತಿಲ್ಲ. ಅವರು ಎದ್ದು ಸುತ್ತು ಬರುವಾಗ ದಾರಿ ಬಿಟ್ಟು ಕೂರುತ್ತೇನೆ, ಅದಕ್ಕಿಂತ ಹೆಚ್ಚಿನದು ಸದ್ಯಕ್ಕೆ ನನ್ನಲ್ಲಿಲ್ಲ. ಆದರೆ ಬಟ್ಟೆ ಕಟ್ಟಿಕೊಂಡು ಬರುವುದಿಲ್ಲ. ಯುಗಾದಿಗೆ ಬರುತ್ತೇನೆ, ಬೇವು ಬೆಲ್ಲ ತಿಂದು ಮರುದಿನದ ಬಸ್ಸಿಗೆ ತಿರುಗುತ್ತೇನೆ. ಅವರನ್ನೂ ಕರೆದುಕೊಂಡು ಬರುತ್ತೇನೆ. ಅವರಿಗೆ ತಾಟು ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಹಾಕದಿದ್ದರೆ ಹೇಳು, ನಾವಿಬ್ಬರೂ ಊಟ ಮಾಡಿಕೊಂಡೇ ಬರುತ್ತೇವೆ.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಮಗಳು
ಅರುಣಾ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಬಿಟ್ಟೇ ಕಳಿಸೋಣ ಎಂದು ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ತೊಟ್ಟು ಬಿಡಿಸುವಲ್ಲಿ ನನ್ನ ಪಕ್ಕ ಭುವನಾ ಎಂಬ ಹುಡುಗಿ ಕೂರುತ್ತಾಳೆ. ಅವಳು ಮೈಲವ್ವನ ಮಗಳು. ನಮ್ಮ ಮನೆಗೆ ಬಂದುಹೋದ ವಾರವೇ ಶಂಕ್ರಪ್ಪ ಅವಳನ್ನು ಕರೆದೊಯ್ಯಲು ಅಲ್ಲಿಗೆ ಬಂದರು, ಆಗಲೇ ನನಗೆ ತಿಳಿದದ್ದು. ಮರುದಿನ ಚೀಲ ಎತ್ತಿಕೊಂಡು ಬೇರೆ ಕಡೆ ಕೂರಲು ಎದ್ದೆ. ಅವಳು ತಲೆ ಎತ್ತದೆ, “ಅಕ್ಕಾರ, ಕುಂದರ್ರಿ. ನಮ್ಮವ್ವ ಇಲ್ಲೇ ಕುಂದರತಿದ್ಲು. ನೀವು ಯಾರು ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು,” ಎಂದಳು. ಕೂತೆ. ದಿನಾ ಕೂರುತ್ತಿದ್ದೇನೆ. ಅವಳ ಮದುವೆ ಗೊತ್ತಾಗಿದೆ, ಸೀರೆ ಆರಿಸಲು ಹೆಣ್ಣುಮಕ್ಕಳು ಯಾರೂ ಇಲ್ಲ, ಬರ್ತೀರೇನು ಎಂದು ನಿನ್ನೆ ಕೇಳಿದ್ದಾಳೆ. ಇನ್ನೂ ಉತ್ತರ ಕೊಟ್ಟಿಲ್ಲ, ಮನೆಯಲ್ಲಿ ಅವರಿಗೂ ಹೇಳಿಲ್ಲ. ಹೋಗಲೋ ಬೇಡವೋ, ಇದೊಂದನ್ನು ನೀನು ಹೇಳು.