ನೀಲಿ ಚೌಕಳಿ ಅಂದರೆ ಗಡಿಯಾರ

ಹೊಲಿಗೆ ಅಂಗಡಿಯಿಂದ,
ಗುರುವಾರ, ತಾರೀಖು ಹನ್ನೆರಡು

ನನ್ನ ಮುದ್ದಿನ ಮಗಳೇ,

ಕಾಲಿನ ಊತ ಇಳಿಯಿತೇ? ನರ್ಸ್ ತರಬೇತಿ ಅಂದರೆ ದಿನವಿಡೀ ವಾರ್ಡಿನಲ್ಲಿ ನಿಂತಿರಬೇಕು, ಗೊತ್ತು. ಊಟದ ಹೊತ್ತಿಗಾದರೂ ಕೂತುಕೋ. ನಾನು ಗಟ್ಟಿಯಾಗಿದ್ದೇನೆ. ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ, ಕಾರಣ ನಿನ್ನ ಮಗಳು.

ಎರಡನೇ ಕ್ಲಾಸಿನ ಈ ಚಿನಕುರಳಿಗೆ ಸಣ್ಣ ಪದಗಳೆಲ್ಲ ಸಲೀಸು. ಉದ್ದದ ಪದ ಬಂತೋ, ಮೊದಲಕ್ಷರ ನೋಡಿ ಉಳಿದದ್ದನ್ನು ಬಾಯಿಗೆ ಬಂದಂತೆ ಊಹಿಸಿ ಮುಂದೆ ಓಡುತ್ತಾಳೆ. ಪರೀಕ್ಷೆಯ ಹೊತ್ತಿಗೆ ಓದು ಬರದಿದ್ದರೆ ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಅಂದರು ಟೀಚರು. ನನಗೆ ರೇಗಿತು. ಸ್ಕೂಲಿನ ಮೆಟ್ಟಿಲು ಹತ್ತದೆ ಕ್ಯಾಲೆಂಡರ್ ನೋಡಿ ಓದು ಕಲಿತವಳು ನಾನು, ಮೊಮ್ಮಗಳಿಗೆ ಕಲಿಸಲಾರೆನೇ? ಕತ್ತರಿಸಿ ಉಳಿದ ಚೂರುಬಟ್ಟೆಗಳ ಮೇಲೆ ಚಾಕ್‌ಪೀಸಿನಿಂದ ಒಂದೊಂದು ಪದ ಬರೆದೆ: ಗಡಿಯಾರ, ತರಕಾರಿ, ಕನ್ನಡಕ, ಹೀಗೆ ಇಪ್ಪತ್ತು. ವಾರದೊಳಗೆ ಅಷ್ಟನ್ನೂ ಪಟಪಟ ಓದಿದಳು. ಮರುದಿನವೇ ಟೀಚರ ಮುಂದೆ ಹೋಗಿ ಕೊಚ್ಚಿಕೊಂಡೆ. ಅವರು ಅವೇ ಪದಗಳನ್ನು ಹಾಳೆಯ ಮೇಲೆ ಬರೆದು ಇವಳ ಕೈಗೆ ಕೊಟ್ಟರು. ಒಂದೂ ಬರಲಿಲ್ಲ ಮಗಳೇ! "ಅಜ್ಜಿ, ಇದ್ರಲ್ಲಿ ಬಟ್ಟೇನೇ ಇಲ್ವಲ್ಲ! ನೀಲಿ ಚೌಕಳಿ ಅಂದ್ರೆ ಗಡಿಯಾರ, ಕೆಂಪು ಗೆರೇದು ತರಕಾರಿ" ಅಂತ ನನಗೇ ಪಾಠ ಹೇಳಿದಳು. ಇಷ್ಟು ದಿನ ಅವಳು ಓದಿದ್ದು ಅಕ್ಷರವನ್ನಲ್ಲ, ಬಟ್ಟೆಯನ್ನು. ಟೀಚರು ನಗು ತಡೆದುಕೊಂಡರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು.

ಸಿಟ್ಟಿನಲ್ಲಿ ಚೂರುಗಳನ್ನೆಲ್ಲ ಬುಟ್ಟಿಗೆ ತುರುಕಿ, ಬಿಳಿ ಲೈನಿಂಗ್ ಬಟ್ಟೆ ಹರಿದೆ. ಈಗ ಉದ್ದದ ಪದ ಬರೆದು, ಹೇಳುವಾಗ ಅದು ಎಲ್ಲೆಲ್ಲಿ ಮುರಿಯುತ್ತದೋ ಅಲ್ಲಲ್ಲಿ ಕತ್ತರಿ ಹಾಕುತ್ತೇನೆ. ಅವಳು ಒಂದೊಂದು ತುಂಡಿನ ಸದ್ದನ್ನು ಬೇರೆಬೇರೆ ಹೇಳಿ, ಕಚ್ಚಾ ಹೊಲಿಗೆ ಹಾಕಿದ ಹಾಗೆ ಕೂಡಿಸಿ ಓದಬೇಕು. "ಬೇಜಾರು ಅಜ್ಜಿ, ನೀನೇ ಹೇಳ್ಬಿಡು" ಎಂದು ಕಟಿಂಗ್ ಮೇಜಿನಡಿ ನುಸುಳುತ್ತಾಳೆ. ನಾನು ಗದರುತ್ತೇನೆ, ಅವಳು ಅಳುತ್ತಾಳೆ, ಹೊಲಿಯುತ್ತಿದ್ದ ಕಾಲರ್ ಸೊಟ್ಟಗಾಗುತ್ತದೆ. ಒಂದು ಪದಕ್ಕೆ ಅರ್ಧ ಗಂಟೆ! ಮೊನ್ನೆ ಬಾಯಿಂದ 'ದಡ್ಡಿ' ಅಂತ ಬಂದೇಬಿಟ್ಟಿತು. ಅದಕ್ಕಾಗಿ ನನ್ನ ಮೇಲೆ ನನಗೇ ಸಿಟ್ಟು, ಇನ್ನೂ ಇಳಿದಿಲ್ಲ.

ಕಾಲನ್ನು ಬಿಸಿನೀರಿನಲ್ಲಿ ಇಳಿಬಿಡು. ಜೊತೆಯ ಹುಡುಗಿಯರಿಗೂ ನನ್ನ ಆಶೀರ್ವಾದ.

ಇಂತಿ,
ಸೂಜಿಯಷ್ಟೇ ಚುಚ್ಚುವ ನಿನ್ನಮ್ಮ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಇದಾಯಿತು. ನಿನ್ನ ಹೋದ ಸಲದ ಕಾಗದವನ್ನು ಅವಳಿಗೆ ಓದಿ ಹೇಳುವಾಗ, ಮಗು ಅಳುವುದನ್ನು ನೋಡಲಾರದೆ, ಅಮ್ಮ ರಜೆಗೆ ಬರುತ್ತಾಳಂತೆ ಎಂದು ಸುಳ್ಳು ಓದಿದ್ದೆ. ಈಗ ಆ ಕಾಗದವನ್ನೇ ಹಿಡಿದುಕೊಂಡು ಬಂದಳು. ಬೆರಳಿಟ್ಟು ತಾನೇ ಓದಿದಳು: "ಬರ... ಲಾಗು... ವುದಿಲ್ಲ." ಊಹೆಯಲ್ಲ, ನಾನು ಹೇಳಿಕೊಟ್ಟದ್ದೂ ಅಲ್ಲ. ಅಳಲಿಲ್ಲ. "ಅಜ್ಜಿ, ನಿಂಗೆ ಸರಿಯಾಗಿ ಓದೋಕೆ ಬರಲ್ವಾ?" ಅಂದಳು. ಹೌದು ಕಣೇ ಅಂದುಬಿಟ್ಟೆ. ಮುಂದಿನ ಕಾಗದ ಅವಳ ಹೆಸರಿಗೇ ಬರೆ. ಯಾವಾಗ ಬರುತ್ತೀಯೋ ನಿಜವನ್ನೇ ಬರೆ. ಓದಿಕೊಳ್ಳುತ್ತಾಳೆ.